ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದ ಸ್ಟೀಲ್‌ಪ್ಯಾನ್ ವಾದ್ಯ ಯಾರದು? ನಮ್ಮ ದೇಶದವರು ಅಲ್ಲಿಗೆ ಹೋಗಿದ್ದು ಹೇಗೆ?

ಭದ್ರಾ_ದಂಡೆ:
ನಮ್ಮಪ್ಪ ಈಗಲೂ ಟ್ರಿನಿಡಾಡ್ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಡೆದ 1976ರ ಕ್ರಿಕೆಟ್ ಟೆಸ್ಟ್ ಬಗ್ಗೆ ಹೇಳುತ್ತಿರುತ್ತಾರೆ. ಗೆಲ್ಲೋಕೆ 403 ಬೇಕಿತ್ತು, ಗಾವಸ್ಕರ್ 102, ನಮ್ಮ ಭದ್ರಾವತಿಯ ವಿಶಿ 112, ಕೊನೆಗೆ ಬ್ರಿಜೇಶ್ ಪಟೇಲ್ 49 ಹೊಡೆದು ಔಟಾಗದೆ ಉಳಿದರು. ಆವತ್ತು ನಮ್ಮ ಟೀಮಿಗೆ ಜೈ ಅಂದವರಲ್ಲಿ ಅಲ್ಲಿನ ಭಾರತೀಯ ಮೂಲದವರೇ ಜಾಸ್ತಿ ಇದ್ದರಂತೆ. ಅಷ್ಟು ದೂರದ ದ್ವೀಪಕ್ಕೆ ಇವರೆಲ್ಲ ಹೋಗಿದ್ದು ಹೇಗೆ? ಆ ಸ್ಟೀಲ್‌ಪ್ಯಾನ್ ಕೂಡ ಇವರದೇನಾ?

ಹಳೇ_ನಕ್ಷೆ:
ಪ್ಯಾನ್ ಅವರದಲ್ಲ, ಅದು ಆಫ್ರಿಕನ್ ಮೂಲದವರದು. ಮೊದಲು ಹಡಗಿನ ಕಥೆ ಹೇಳ್ತೀನಿ. 1838ರಲ್ಲಿ ಗುಲಾಮರಿಗೆ ಪೂರ್ತಿ ಬಿಡುಗಡೆ ಆಯಿತು. ಕಬ್ಬಿನ ತೋಟದ ಮಾಲೀಕರಿಗೆ ಕಡಿಮೆ ಕೂಲಿಯ ಆಳು ಬೇಕಿತ್ತು, ಬ್ರಿಟಿಷರು ಕರಾರು ಬರೆಸಿಕೊಂಡು ಭಾರತದಿಂದ ಜನರನ್ನು ಹತ್ತಿಸಿದರು. ಮೊದಲ ಹಡಗು ಫಾತೆಲ್ ರಜಾಕ್ ಕಲ್ಕತ್ತಾದಿಂದ ಹೊರಟು 1845ರ ಮೇ 30ರಂದು ತಲುಪಿತು. ಆ ದಿನ ಅಲ್ಲಿ ಈಗ ಸರ್ಕಾರಿ ರಜೆ. 1917ರವರೆಗೆ ಸುಮಾರು 1.4 ಲಕ್ಷ ಜನ ಹೋದರು. ಬಿಹಾರ, ಉತ್ತರ ಪ್ರದೇಶದ ಕಡೆಯವರೇ ಹೆಚ್ಚು, ಮದ್ರಾಸ್ ಬಂದರಿನಿಂದ ಹೋದವರೂ ಇದ್ದರು. ಒಂದೇ ಹಡಗಿನಲ್ಲಿ ಬಂದವರು ‘ಜಹಾಜಿ ಭಾಯಿ’, ಜಾತಿ ಊರು ಯಾವುದೇ ಇರಲಿ ಅಣ್ಣ ತಮ್ಮಂದಿರ ಥರ. ಈ ಮಾತು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ತಾಳ_ಮದ್ದಳೆ:
ಪ್ಯಾನ್ ಬಗ್ಗೆ ನಾನು ಹೇಳ್ತೀನಿ. 1881ರ ಕಾರ್ನಿವಲ್‌ನಲ್ಲಿ (ಬೀದಿ ಮೆರವಣಿಗೆಯ ಹಬ್ಬ) ಪೊಲೀಸರಿಗೂ ಜನಕ್ಕೂ ದೊಡ್ಡ ಹೊಡೆದಾಟ ಆಯಿತು, ಆಮೇಲೆ ಸರ್ಕಾರ ಚರ್ಮದ ವಾದ್ಯಗಳನ್ನು ಬೀದಿಯಲ್ಲಿ ಬಾರಿಸಬಾರದು ಅಂತ ಕಾನೂನು ತಂದಿತು. ಜನ ಬಿದಿರು ಕಡಿದು ನೆಲಕ್ಕೆ ಕುಟ್ಟಿ ತಾಳ ಹಾಕಿದರು, ಅದು ತಂಬೂ ಬಾಂಬೂ. 1930ರ ದಶಕದಲ್ಲಿ ಬಿಸ್ಕತ್ ಡಬ್ಬ, ಕಸದ ಡಬ್ಬಿಯ ಮುಚ್ಚಳ ಕೈಗೆ ಬಂದವು, ಕೊನೆಗೆ ಎಣ್ಣೆ ಡ್ರಮ್ಮು. ಡ್ರಮ್ಮಿನ ತಲೆಯನ್ನು ಸುತ್ತಿಗೆಯಿಂದ ಬಾಣಲೆ ಥರ ಒಳಕ್ಕೆ ತಗ್ಗಿಸುತ್ತಾರೆ, ಸ್ವರಗಳ ಜಾಗ ಗುರುತು ಮಾಡಿ, ಬೆಂಕಿಗೆ ಹಿಡಿದು, ಆಮೇಲೆ ಒಂದೊಂದೇ ಸ್ವರ ಸರಿಯಾಗಿ ನುಡಿಯೋವರೆಗೂ ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಕೂರುತ್ತಾರೆ. ಮೊದಮೊದಲು ಪ್ಯಾನ್ ಬಾರಿಸೋರನ್ನು ಪುಂಡರು ಅಂತ ಬೈಯುತ್ತಿದ್ದರು. 1951ರಲ್ಲಿ ಅದೇ ಹುಡುಗರ ತಂಡ ಲಂಡನ್‌ಗೆ ಹೋಗಿ ನುಡಿಸಿತು. 1992ರಲ್ಲಿ ಅದೇ ರಾಷ್ಟ್ರೀಯ ವಾದ್ಯ ಆಯಿತು.

ಕೊಪ್ಪಳ_ಬಯಲು:
1884ರ ಇನ್ನೊಂದು ವಿಷಯವೂ ಹೇಳಬೇಕು. ಅಲ್ಲಿ ಮೊಹರಂಗೆ ಹೊಸೇ ಅಂತಾರೆ. ತೋಟದ ಕೂಲಿಗಳು, ಹಿಂದೂಗಳೂ ಸೇರಿ, ತಾಬೂತು ಹೊತ್ತು ಸಮುದ್ರಕ್ಕೆ ಹೋಗುತ್ತಿದ್ದರು. ಆ ವರ್ಷ ಮೆರವಣಿಗೆ ಊರೊಳಗೆ ಬರಬಾರದು ಅಂತ ಆಜ್ಞೆ ಆಯಿತು, ಜನ ಬಂದರು, ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊ ಊರಲ್ಲಿ ಪೊಲೀಸರು ಗುಂಡು ಹಾರಿಸಿದರು, ಸುಮಾರು ಜನ ಸತ್ತರು. ನಮ್ಮ ಕಡೆ ಅಲಾಯಿ ದೇವರು ಕೂರಿಸುವಾಗ ಎಲ್ಲ ಜಾತಿಯವರೂ ಸೇರ್ತೀವಿ ಅಲ್ವಾ, ಹಾಗಾಗಿ ಇದನ್ನು ಸುಮ್ನೆ ಇತಿಹಾಸ ಅಂತ ಓದೋಕೆ ನನ್ನಿಂದ ಆಗಲ್ಲ.

ಭದ್ರಾ_ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಹೊಸೇ ಮೆರವಣಿಗೆಯಲ್ಲಿ ಏನು ಬಾರಿಸುತ್ತಾರೆ?

ಕೊಪ್ಪಳ_ಬಯಲು:
ತಾಸೆ. ಈಗ ಅದು ಅಲ್ಲಿನ ಮದುವೆಗಳಲ್ಲೂ ಇದೆ. ಬಾರಿಸೋ ಮೊದಲು ರಸ್ತೆ ಬದಿಯಲ್ಲಿ ಬೆಂಕಿ ಹಾಕಿ, ಮೇಕೆ ಚರ್ಮ ಬಿಗಿಯಾಗಲಿ ಅಂತ ಕಾಸುತ್ತಾರೆ, ನಮ್ಮೂರಲ್ಲಿ ಹಲಗೆ ಕಾಸೋ ಹಾಗೇ.