ಪಾಲಿಅನಿಲಿನ್–ಸಿಲಿಕಾ ಪುಡಿ: ಪ್ರತಿ ಸಲ ವಾಹಕತೆ ಯಾಕೆ ಬದಲಾಗುತ್ತೆ?

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟಿಗೆ ಪಾಲಿಅನಿಲಿನ್–ಸಿಲಿಕಾ ನ್ಯಾನೊಕಾಂಪೊಸಿಟ್ (ಕರೆಂಟು ಹರಿಸುವ ಪಾಲಿಮರಿಗೆ ಸಿಲಿಕಾದ ಅತಿ ಸಣ್ಣ ಕಣ ಸೇರಿಸಿದ ಪುಡಿ) ಮಾಡುತ್ತಿದ್ದೇನೆ. ಅಳತೆ ಎಲ್ಲಾ ಒಂದೇ. ಆದರೂ ಪ್ರತಿ ಬ್ಯಾಚಿನ ವಾಹಕತೆ ಬೇರೆ. ಸಿಲಿಕಾ ಎಷ್ಟು ಸೇರಿದೆ ಅನ್ನೋದೂ ಗೊತ್ತಾಗುತ್ತಿಲ್ಲ. ಮಾಡಿದವರು ಹೇಳ್ತೀರಾ?

ಉತ್ತರ 1: ಮೊದಲು ತೊಳೆಯುವುದನ್ನು ನೋಡಿ. ನೀರು ನ್ಯೂಟ್ರಲ್ ಆಗುವ ತನಕ ತೊಳೀತಿದ್ದೀರಾ? ಹಾಗಿದ್ದರೆ ನಿಲ್ಲಿಸಿ. ಪಾಲಿಅನಿಲಿನ್ ಕರೆಂಟು ಹರಿಸುವುದೇ ಅದಕ್ಕೆ ಹಿಡಿದುಕೊಂಡ ಆಮ್ಲದಿಂದ. ಬರೀ ನೀರಲ್ಲಿ ತೊಳೆದಷ್ಟೂ ಆಮ್ಲ ಬಿಟ್ಟುಹೋಗುತ್ತೆ, ಹಸಿರು ನೀಲಿ ಕಡೆ ವಾಲುತ್ತೆ. 0.2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಆಮೇಲೆ ಅಸಿಟೋನ್ ಹಾಕಿ.

ಇನ್ನೊಂದು, ಸ್ವಲ್ಪ ಏರಿಳಿತ ಸಹಜ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿಯ 2002ರ ವರದಿಗಾಗಿ ಬೇರೆ ಬೇರೆ ಲ್ಯಾಬಿನವರು ಒಂದೇ ವಿಧಾನದಲ್ಲಿ ಪಾಲಿಅನಿಲಿನ್ ಮಾಡಿದ್ದರು. 0.2 ಮೋಲಾರ್ ಅನಿಲಿನ್ ಹೈಡ್ರೋಕ್ಲೋರೈಡ್, ಅದನ್ನು ಪಾಲಿಮರ್ ಮಾಡಲು 0.25 ಮೋಲಾರ್ ಅಮೋನಿಯಂ ಪರ್‌ಸಲ್ಫೇಟ್. ಬಂದ ಸರಾಸರಿ ವಾಹಕತೆ ಸೆಂಟಿಮೀಟರಿಗೆ 4.4 ಸೀಮೆನ್ಸ್, ಅದರಲ್ಲೂ ಆಚೀಚೆ 1.7. ಸಿಲಿಕಾ ಇಲ್ಲದೆಯೇ ಇಷ್ಟು ವ್ಯತ್ಯಾಸ! ನೀವೂ ಒಮ್ಮೆ ಸಿಲಿಕಾ ಹಾಕದೆ ಮಾಡಿ ಅಳೆಯಿರಿ. ಅದು ಸರಿ ಬಂದರೆ ಮಾತ್ರ ಮುಂದಕ್ಕೆ ಹೋಗಿ.

ಉತ್ತರ 2: ಸಿಲಿಕಾ ವಿಷಯ ನಾನು ಹೇಳ್ತೀನಿ. ಪುಡಿಯನ್ನು ಗಾಳಿಯಲ್ಲಿ ಟಿಜಿಎಗೆ (ಬಿಸಿ ಮಾಡುತ್ತಾ ತೂಕ ಅಳೆಯುವ ಯಂತ್ರ) ಹಾಕಿದರೆ ಪಾಲಿಮರ್ ಉರಿದುಹೋಗಿ ಸಿಲಿಕಾ ಉಳಿಯುತ್ತೆ. ಆದರೆ ಅದಕ್ಕೆ ಮುಂಚೆ ಸೇರದೇ ಉಳಿದ ಸಿಲಿಕಾವನ್ನು ತೆಗೆಯಲೇಬೇಕು. ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವ ಚೆಲ್ಲಿ, ತಳದಲ್ಲಿ ಕೂತದ್ದನ್ನು ಮತ್ತೆ ಕದಡಿ, ಹೀಗೆ ಕೆಲವು ಸುತ್ತು. ಟಿಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಆಗಾಗ ನೋಡುತ್ತಿರಿ. ಕಾಂಪೊಸಿಟ್ ಕಣದ ಪಕ್ಕ ಒಂಟಿ ಸಿಲಿಕಾ ಉಂಡೆಗಳು ಚೆಲ್ಲಾಡಿದ್ದರೆ ಇನ್ನೂ ಮುಗಿದಿಲ್ಲ ಅಂತ. ಅವನ್ನು ತೆಗೆಯದೆ ಟಿಜಿಎ ಮಾಡಿದರೆ ಸಿಲಿಕಾ ಲೆಕ್ಕ ಜಾಸ್ತಿ ಬರುತ್ತೆ. ಟಿಜಿಎಯಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್ ತನಕ ಇಳಿಯುವ ತೂಕ ಹೆಚ್ಚಾಗಿ ತೇವದ್ದು, ಅದನ್ನು ಕಳೆದು ಒಣ ತೂಕದ ಮೇಲೆ ಲೆಕ್ಕ ಹಾಕಿ.

ಉತ್ತರ 3: ತೇವ ವಾಹಕತೆಗೂ ಸಂಬಂಧಪಟ್ಟದ್ದು. ಚೆನ್ನಾಗಿ ಒಣಗಿಸಿದ ಪುಡಿಯಲ್ಲಿ ವಾಹಕತೆ ಇಳಿಯುತ್ತೆ. ಮಳೆಗಾಲದ ಪೆಲೆಟ್ಟನ್ನೂ (ಪುಡಿ ಒತ್ತಿ ಮಾಡಿದ ಬಿಲ್ಲೆ) ಬೇಸಿಗೆಯದನ್ನೂ ಸುಮ್ನೆ ಹೋಲಿಸಬೇಡಿ. ಒಣಗಿಸುವ ರೀತಿ, ಒತ್ತುವ ಒತ್ತಡ ಎರಡನ್ನೂ ಬರೆದಿಡಿ, ಫೋರ್ ಪ್ರೋಬಿನಲ್ಲೇ (ನಾಲ್ಕು ಮೊನೆ ತಾಗಿಸಿ ವಾಹಕತೆ ಅಳೆಯುವ ಸಾಧನ) ಅಳೆಯಿರಿ. ಮುಂದೆ ಸಿಲಿಕಾ ಬದಲು ಮ್ಯಾಗ್ನಟೈಟ್ (ಕಾಂತೀಯ ಕಬ್ಬಿಣದ ಆಕ್ಸೈಡ್) ಹಾಕುವ ಯೋಚನೆ ಇದ್ದರೆ ಹುಷಾರು, ಅದು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುತ್ತಾ ಹೋಗುತ್ತೆ.