ಪಿಯಾನೋ ಬ್ಲ್ಯಾಕ್ ಟ್ರಿಮ್ ಮೇಲಿನ ಗೀರು ತೆಗೆಯೋದು ಹೇಗೆ? ಮತ್ತೆ ಬೀಳದಂತೆ ಏನು ಮಾಡಬೇಕು?

ಪ್ರಶ್ನೆ:
ಕಾರಿನ ಗೇರ್ ಲಿವರ್ ಸುತ್ತಲಿನ ಹೊಳೆಯುವ ಕಪ್ಪು ಪ್ಯಾನೆಲ್ (ಪಿಯಾನೋ ಬ್ಲ್ಯಾಕ್ ಟ್ರಿಮ್ ಅಂತಾರಲ್ಲ, ಅದು) ತುಂಬ ಕೂದಲೆಳೆಯಷ್ಟು ಸಣ್ಣ ಗೀರುಗಳು. ನೆರಳಲ್ಲಿ ಗೊತ್ತಾಗಲ್ಲ, ಬಿಸಿಲು ಓರೆಯಾಗಿ ಬಿದ್ದರೆ ಜೇಡರ ಬಲೆ ಥರ ಎದ್ದು ಕಾಣುತ್ತೆ. ಒಂದೆರಡು ಕಡೆ ಉಗುರಿಗೆ ಸಿಗುವಷ್ಟು ಆಳ ಇದೆ. ಬಾಗಿಲುಗಳ ನಡುವಿನ ಕಪ್ಪು ಪಿಲ್ಲರ್ ಮೇಲೂ ಇದೇ ಪಾಡು. ಪೇಂಟ್‌ಗೆ ಹಾಕುವ ರಬ್ಬಿಂಗ್ ಕಾಂಪೌಂಡ್ (ಗೀರು ಉಜ್ಜಿ ತೆಗೆಯುವ ತರಿ ಪೇಸ್ಟ್) ಇಲ್ಲಿ ನಡೆಯುತ್ತಾ? ಕೈಯಲ್ಲೇ ಆಗುತ್ತಾ, ಮಷೀನ್ ಬೇಕಾ? ಆಮೇಲೆ ಸೆರಾಮಿಕ್ ಕೋಟಿಂಗ್ (ತೆಳುವಾದ ರಕ್ಷಣಾ ಲೇಪ) ಹಾಕಿದರೆ ಸಾಕಾ?

ಉತ್ತರ 1:
ರಬ್ಬಿಂಗ್ ಕಾಂಪೌಂಡ್ ಬೇಡವೇ ಬೇಡ. ಈ ಪ್ಯಾನೆಲ್‌ಗಳು ಸಾಮಾನ್ಯವಾಗಿ ಎಬಿಎಸ್ ಅಥವಾ ಅಕ್ರಿಲಿಕ್ ಪ್ಲಾಸ್ಟಿಕ್. ಕೆಲವಕ್ಕೆ ಮೇಲೆ ಕ್ಲಿಯರ್ ಕೋಟ್ (ಪಾರದರ್ಶಕ ಪದರ) ಇರುತ್ತೆ, ಕೆಲವಕ್ಕೆ ಇಲ್ಲ. ಯಾವುದಾದರೂ ಮೆದು. ಕಾಂಪೌಂಡ್ ಹಾಕಿದರೆ ಹಳೇ ಗೀರು ಹೋಗಿ ಇಡೀ ಜಾಗ ಮಬ್ಬಾಗುತ್ತೆ. ಫಿನಿಶಿಂಗ್ ಪಾಲಿಶ್ ಅಂತ ಬರುತ್ತಲ್ಲ, ಅತಿ ನಯವಾದದ್ದು, ಅದನ್ನೇ ತಗೊಳ್ಳಿ.

ಮೊದಲು ಮೆತ್ತನೆ ಬ್ರಷ್‌ನಲ್ಲಿ ಒತ್ತದೆ ಧೂಳು ಹಾರಿಸಿ, ಆಮೇಲೆ ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ. ಕ್ಲೀನರ್ ಬಟ್ಟೆಗೆ ಸಿಂಪಡಿಸಿ, ಪ್ಯಾನೆಲ್‌ಗಲ್ಲ. ಸ್ವಿಚ್ ಸಂದಿಗೆ ಇಳಿದರೆ ಬೇರೆಯದೇ ತಲೆನೋವು. ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ. ಬಟನ್ ಮೇಲಿನ ಅಕ್ಷರಗಳನ್ನೂ ಮುಚ್ಚಿ, ಪಾಲಿಶ್‌ಗೆ ಅಳಿಸಿಹೋಗಬಹುದು. ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷಿಸಿ ಮುಂದುವರಿಯಿರಿ. ಅಂಗೈ ಅಗಲದ ಜಾಗಕ್ಕೆ ಎರಡು ಮೂರು ಹನಿ ಸಾಕು. ಮೆತ್ತನೆ ಫೋಮ್ ಅಪ್ಲಿಕೇಟರ್‌ನಲ್ಲಿ ಹಗುರವಾಗಿ ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಐದಾರು ಸಲ. ಒಣಗುವ ಮೊದಲೇ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ.

ಸಣ್ಣ ಗೀರಿಗೆ ಕೈಯೇ ಸಾಕು. ಮಷೀನೇ ಬೇಕೆಂದರೆ ಡ್ಯುಯಲ್ ಆಕ್ಷನ್ (ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಅಲುಗುವ ಪಾಲಿಶ್ ಮಷೀನ್), 1ರಿಂದ 3 ಇಂಚಿನ ಮೆದು ಪ್ಯಾಡ್, ಕಡಿಮೆ ವೇಗ. ಪ್ಲಾಸ್ಟಿಕ್‌ನಲ್ಲಿ ಶಾಖ ಲೋಹದಲ್ಲಿ ಹರಡುವಷ್ಟು ಬೇಗ ಹರಡಲ್ಲ. ಒಂದೇ ಕಡೆ ನಿಲ್ಲಿಸಿದರೆ ಮೇಲ್ಮೈ ಕರಗಿ ಅಲೆ ಅಲೆಯಾಗುತ್ತೆ, ಅದಕ್ಕೆ ಮದ್ದಿಲ್ಲ. ಮುಟ್ಟಿ ನೋಡುತ್ತಿರಿ, ಬಿಸಿಯಾಗಿದ್ದರೆ ಬಿಡಿ.

ಉತ್ತರ 2:
ಪಿಲ್ಲರ್‌ಗೆ ಕೈಹಾಕುವ ಮುಂಚೆ ಅದು ಏನೆಂದು ನೋಡಿ. ಕೆಲವು ಕಾರುಗಳಲ್ಲಿ ಅದು ಅಂಟಿಸಿದ ಕಪ್ಪು ವಿನೈಲ್ ಫಿಲ್ಮ್. ಬಾಗಿಲು ತೆರೆದಾಗ ಅಂಚಿನಲ್ಲಿ ಒಳಕ್ಕೆ ಮಡಚಿದ ಪದರ ಕಂಡರೆ ಫಿಲ್ಮೇ. ಅದನ್ನು ಉಜ್ಜಿ ಪ್ರಯೋಜನವಿಲ್ಲ, ಕಿತ್ತು ಹೊಸದು ಅಂಟಿಸಬೇಕು.

ಉಗುರಿಗೆ ಸಿಗುವ ಗೀರು ಪಾಲಿಶ್‌ಗೆ ಪೂರ್ತಿ ಹೋಗುವುದಿಲ್ಲ. ಒಳಗೂ ಹೊರಗೂ ಒಂದೇ ಕಪ್ಪು ಇರುವ ಪ್ಲಾಸ್ಟಿಕ್ ಆದರೆ 3000 ಗ್ರಿಟ್ ವಾಟರ್ ಪೇಪರನ್ನು (ಅತಿ ನಯವಾದ ಉಜ್ಜುಕಾಗದ) ಸೋಪು ನೀರಲ್ಲಿ ನೆನೆಸಿ ಗೀರಿನ ಮೇಲಷ್ಟೇ ಹಗುರವಾಗಿ ಆಡಿಸಿ, ಬಳಿಕ ಪಾಲಿಶ್ ಮಾಡಬಹುದು. ಪೇಂಟ್ ಮಾಡಿದ ಭಾಗವಾದರೆ ಈ ಸಾಹಸ ಬೇಡ. ಪದರ ದಾಟಿದರೆ ಅಡಿಯ ಬಣ್ಣ ಇಣುಕುತ್ತದೆ. ಗೀರಿನ ತುಟಿ ಸ್ವಲ್ಪ ದುಂಡಗಾದರೂ ಬೆಳಕಿಗೆ ಮಿಂಚುವುದು ಕಡಿಮೆಯಾಗುತ್ತದೆ. ಅಷ್ಟಕ್ಕೇ ಬಿಡುವುದು ಜಾಣತನ. ಇನ್ನೂ ಆಳವಿದ್ದರೆ ಆ ಭಾಗವನ್ನೇ ಬದಲಿಸುವುದು ಮೇಲು.

ಪ್ರಶ್ನೆ ಕೇಳಿದವರು:
ಪಾಲಿಶ್ ಮಾಡಿದ ದಿನ ಪೂರ್ತಿ ಹೋದಂತಿತ್ತು. ಈಗ ಒಂದಷ್ಟು ಗೀರು ಮತ್ತೆ ಕಾಣ್ತಿವೆಯಲ್ಲ?

ಉತ್ತರ 3:
ಪಾಲಿಶ್‌ನ ಎಣ್ಣೆ ಗೀರಲ್ಲಿ ಕೂತು ಮರೆಮಾಡಿತ್ತು, ಈಗ ಹೋಗಿದೆ. 10-15% ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಲ್ಲಿ ಒರೆಸಿ, ಆಗ ನಿಜವಾದ ಸ್ಥಿತಿ ಗೊತ್ತಾಗುತ್ತೆ. ಇದಕ್ಕಿಂತ ಗಟ್ಟಿ ಬಳಸಬೇಡಿ, ಅಕ್ರಿಲಿಕ್‌ನಲ್ಲಿ ಸೂಕ್ಷ್ಮ ಬಿರುಕು ಏಳಬಹುದು. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕೂಡ ಬೇಡ.

ಸೆರಾಮಿಕ್ ಕೋಟಿಂಗ್ ಬಗ್ಗೆ: ಪದರ ಒಂದೆರಡು ಮೈಕ್ರಾನ್ ಅಷ್ಟೇ. ಧೂಳು, ಬೆರಳಚ್ಚು ಸುಲಭವಾಗಿ ಬಿಡುತ್ತೆ ನಿಜ, ಕೀಲಿ ತಾಗಿದರೆ ತಡೆಯಲ್ಲ. ತಡೆಯಬೇಕೆಂದರೆ ಪಿಪಿಎಫ್, ಅಂದರೆ 150-200 ಮೈಕ್ರಾನ್ ದಪ್ಪದ ಪಾರದರ್ಶಕ ಟಿಪಿಯು (ಬಾಗುವ ಪ್ಲಾಸ್ಟಿಕ್) ಫಿಲ್ಮ್. ಸೆಲ್ಫ್ ಹೀಲಿಂಗ್ ಇರುವಂಥದ್ದಾದರೆ ಸಣ್ಣ ಗೀರು ಬಿಸಿಲಿಗೇ ಮಾಯ. ಗೀರು ತೆಗೆದು, ಆಲ್ಕೋಹಾಲ್ ನೀರಲ್ಲಿ ಎಣ್ಣೆ ಒರೆಸಿದ ಮೇಲೆಯೇ ಅಂಟಿಸಿ, ಇಲ್ಲದಿದ್ದರೆ ಅಂಚು ಏಳುತ್ತೆ. ಅರ್ಧ ಲೀಟರ್ ನೀರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ ಹಾಕಿ ಫಿಲ್ಮ್‌ನ ಅಂಟಿನ ಬದಿಗೆ ಸಿಂಪಡಿಸಿದರೆ ಜರುಗಿಸಿ ಕೂರಿಸಬಹುದು. ನೀರನ್ನು ಸ್ಕ್ವೀಜಿಯಲ್ಲಿ (ರಬ್ಬರ್ ಅಂಚಿನ ಪಟ್ಟಿ) ನಡುವಿನಿಂದ ಅಂಚಿಗೆ ತಳ್ಳಿ. ಅಂಚಿಗಿಂತ 1 ಮಿಮೀ ಒಳಗೇ ನಿಲ್ಲುವಂತೆ ಕತ್ತರಿಸಿ, ಪ್ಯಾನೆಲ್ ಮೇಲಿಟ್ಟು ಬ್ಲೇಡ್ ಆಡಿಸಬೇಡಿ.