ಪಾಕೆಟ್ ಕೊರೆದಾಗ ಎಕ್ಸ್ ಮಾತ್ರ ಸರಿಯುತ್ತಿದೆ: ಬ್ರೇಕ್‌ಔಟ್ ಬೋರ್ಡ್, ಡ್ರೈವರ್ ವೈರಿಂಗ್‌ನಲ್ಲಿ ಏನು ತಪ್ಪಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನೇ ಜೋಡಿಸಿದ ಮೂರು ಆಕ್ಸಿಸ್ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರ) ಇದು. ಪ್ಯಾರಲಲ್ ಪೋರ್ಟ್‌ನ ಐದು ಆಕ್ಸಿಸ್ ಬ್ರೇಕ್‌ಔಟ್ ಬೋರ್ಡ್ (ಕಂಪ್ಯೂಟರಿನ ಸಿಗ್ನಲ್‌ಗಳನ್ನು ಡ್ರೈವರ್‌ಗಳಿಗೆ ಹಂಚುವುದು), ಮೋಟರ್ ಓಡಿಸಲು ಮೂರು ಡಿಎಂ542 ಡ್ರೈವರ್, ನೆಮಾ 23 ಸ್ಟೆಪ್ಪರ್ ಮೋಟರ್ (ಪಲ್ಸಿಗೊಂದು ಹೆಜ್ಜೆ ತಿರುಗುವುದು), 36 ವೋಲ್ಟ್ ಸಪ್ಲೈ, ಮ್ಯಾಕ್3 ಸಾಫ್ಟ್‌ವೇರ್. ಡ್ರೈವರ್ 1600 ಪಲ್ಸಿಗೆ ಒಂದು ಸುತ್ತು ಅಂತ ಇಟ್ಟಿದ್ದೇನೆ. ಬಾಲ್ ಸ್ಕ್ರೂ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 5 ಮಿ.ಮೀ., ಹಾಗಾಗಿ ಮಿ.ಮೀ.ಗೆ 320 ಸ್ಟೆಪ್.

ವೈರಿಂಗ್ ಹೀಗಿದೆ: ಪಲ್+ (ಹೆಜ್ಜೆಯ ಪಲ್ಸ್) ಮತ್ತು ಡಿರ್+ (ದಿಕ್ಕು) ಎರಡೂ ಬೋರ್ಡಿನ 5 ವೋಲ್ಟಿಗೆ. ಎಕ್ಸ್ ಡ್ರೈವರಿನ ಪಲ್- ಪಿನ್ 2ಕ್ಕೆ, ಡಿರ್- ಪಿನ್ 3ಕ್ಕೆ. ವೈ 4 ಮತ್ತು 5, ಝಡ್ 6 ಮತ್ತು 7. ಎನೇಬಲ್ (ಡ್ರೈವರನ್ನು ಆನ್, ಆಫ್ ಮಾಡುವ ಸಿಗ್ನಲ್) ಖಾಲಿ ಬಿಟ್ಟಿದ್ದೇನೆ.

ಜಾಗ್ ಮಾಡಿದರೆ (ಬಟನ್ ಒತ್ತಿ ಓಡಿಸಿದರೆ) ಎಲ್ಲ ಸರಿ. ಉದ್ದ ಗೆರೆ ಕೊರೆದರೂ ಸರಿ. ಪಾಕೆಟ್ (ಹಲಗೆಯಲ್ಲಿ ಗುಳಿ) ಕೊರೆದಾಗ ಮಾತ್ರ ತೊಂದರೆ. ನಾಲ್ಕು ಪದರ, ಪದರಕ್ಕೆ 40 ಗೆರೆ, ಎಕ್ಸ್ ಉದ್ದಕ್ಕೆ ಹೋಗಿ ಬರುತ್ತದೆ. ಮುಗಿಸಿ ಸೊನ್ನೆಗೆ ಕಳಿಸಿದರೆ ಎಕ್ಸ್ ಸುಮಾರು ಅರ್ಧ ಮಿ.ಮೀ. ಪಕ್ಕಕ್ಕೆ ನಿಲ್ಲುತ್ತದೆ. ವೈ ಸರಿಯಾಗಿದೆ. ಎಕ್ಸ್ ಡ್ರೈವರ್ ಕೆಟ್ಟಿರಬೇಕು ಅಂತ ವೈ ಡ್ರೈವರ್ ಜೊತೆ ಅದಲುಬದಲು ಮಾಡಿದೆ. ಆದರೂ ಎಕ್ಸೇ ಸರಿಯುತ್ತಿದೆ. ತಲೆ ಕೆಟ್ಟುಹೋಗಿದೆ.

ಉತ್ತರ 1

ಕರೆಂಟ್ ಸಾಲುತ್ತಿಲ್ಲ ಅನ್ಸುತ್ತೆ. ಡಿಪ್ ಸ್ವಿಚ್‌ನಲ್ಲಿ ಒಂದು ಹಂತ ಜಾಸ್ತಿ ಮಾಡಿ ನೋಡಿ. ಆಕ್ಸಲರೇಷನ್ ಕೂಡ ಕಡಿಮೆ ಮಾಡಿ.

ಪ್ರಶ್ನೆ ಕೇಳಿದವರು

2.84 ಆಂಪ್ಸ್ ಇದ್ದದ್ದನ್ನು 3.31 ಮಾಡಿದೆ. ಮೋಟರ್ ಕೈ ಇಡಲಾಗದಷ್ಟು ಬಿಸಿಯಾಯಿತು, ಎಕ್ಸ್ ಅಷ್ಟೇ ಸರಿಯಿತು. ಆಕ್ಸಲರೇಷನ್ ಅರ್ಧಕ್ಕೆ ಇಳಿಸಿದರೂ ಅಷ್ಟೇ.

ಉತ್ತರ 2

ಕರೆಂಟನ್ನು ಮೊದಲು ಇದ್ದಷ್ಟಕ್ಕೇ ಇಳಿಸಿಬಿಡಿ, ಸುಮ್ನೆ ಮೋಟರ್ ಸುಡಬೇಡಿ. ಆಮೇಲೆ, ಡ್ರೈವರ್ ಬದಲಿಸುವಾಗ ಪವರ್ ತೆಗೆದಿದ್ದಿರಿ ತಾನೆ? ಪವರ್ ಇರುವಾಗ ಮೋಟರ್ ವೈರ್ ಬಿಚ್ಚಿದರೆ ಡ್ರೈವರ್ ಅಲ್ಲೇ ಹೋಗುತ್ತದೆ.

ಏನನ್ನೂ ತಿರುಗಿಸುವ ಮೊದಲು ಒಂದು ಅಳತೆ ಮಾಡಿ. ಸ್ಪಿಂಡಲ್ ಆಫ್ ಇರಲಿ. ಎಕ್ಸ್‌ಗೆ ಡಯಲ್ ಇಂಡಿಕೇಟರ್ (ಸಣ್ಣ ಸರಿತವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಒತ್ತಿ ನಿಲ್ಲಿಸಿ, ಸೊನ್ನೆ ಮಾಡಿ. ಡಯಲ್‌ನಿಂದ ದೂರಕ್ಕೆ 10 ಮಿ.ಮೀ. ಹೋಗಿ ವಾಪಸ್ ಬರುವುದನ್ನು 200 ಸಲ ಮಾಡಿಸಿ. ಕೊನೆಗೆ ಮುಳ್ಳು ಎಲ್ಲಿ ನಿಂತಿತು, ಎಷ್ಟು, ಯಾವ ಕಡೆ ಅಂತ ಬರೆಯಿರಿ. ಅದನ್ನೇ ಅರ್ಧ ವೇಗದಲ್ಲಿ ಇನ್ನೊಂದು ಸಲ. ವೈ ಆಕ್ಸಿಸ್‌ಗೂ ಒಂದು ಸಲ ಮಾಡಿ. ನಿಮ್ಮ ಪಾಕೆಟ್‌ನಲ್ಲಿ ವೈ ಒಂದೇ ದಿಕ್ಕಿಗೆ ಸ್ವಲ್ಪ ಸ್ವಲ್ಪ ಜರುಗುತ್ತದೆ, ದಿಕ್ಕು ಬದಲಿಸುವುದೇ ಅಪರೂಪ. ಹಾಗಾಗಿ ವೈ ಸರಿಯಾಗಿದೆ ಅಂತ ಈಗಲೇ ನಂಬಲಾರೆ.

ಪ್ರಶ್ನೆ ಕೇಳಿದವರು

ಪವರ್ ತೆಗೆದೇ ಬದಲಿಸಿದ್ದೆ ಸರ್. ಅಳತೆ ಮುಗಿಯಿತು, ಫಲಿತಾಂಶ ವಿಚಿತ್ರವಾಗಿದೆ. ಎಕ್ಸ್ 1.25 ಮಿ.ಮೀ. ಸರಿದಿದೆ. ಅರ್ಧ ವೇಗದಲ್ಲೂ 1.25. ವೈ ಕೂಡ 1.25! ಎರಡೂ ಪ್ಲಸ್ ಕಡೆಯಿಂದ ಮೈನಸ್ ಕಡೆಗೆ.

ಉತ್ತರ 2

ವಿಚಿತ್ರ ಅಲ್ಲ, ಇದು ಒಳ್ಳೆಯ ಸುದ್ದಿ. ಲೆಕ್ಕ ಹಾಕಿ. 1.25 ಗುಣಿಸು 320 ಅಂದರೆ 400 ಮೈಕ್ರೋಸ್ಟೆಪ್ (ಒಂದು ಪಲ್ಸಿಗೆ ಇಡುವ ಪುಟ್ಟ ಹೆಜ್ಜೆ). 200 ಸುತ್ತಿಗೆ (ಹೋಗಿ ಬಂದರೆ ಒಂದು ಸುತ್ತು) 400, ಅಂದರೆ ಸುತ್ತಿಗೆ ಕರೆಕ್ಟಾಗಿ ಎರಡು. ನಿಮ್ಮ ಪಾಕೆಟ್ ನೋಡಿ: 160 ಗೆರೆ, 80 ಸುತ್ತು, 160 ಮೈಕ್ರೋಸ್ಟೆಪ್, ಅರ್ಧ ಮಿ.ಮೀ. ಅಲ್ಲಿಗೂ ಹೊಂದುತ್ತದೆ.

ಬಲ ಸಾಲದೆ ಮೋಟರ್ ಜಾರಿದ್ದರೆ ಲೆಕ್ಕ ಹೀಗೆ ಬರುವುದೇ ಇಲ್ಲ. ಸ್ಟೆಪ್ಪರ್ ಜಾರಿದರೆ ನಾಲ್ಕು ಪೂರ್ತಿ ಸ್ಟೆಪ್ ದಾಟಿ ಮುಂದಿನ ಜಾಗದಲ್ಲಿ ಕೂರುತ್ತದೆ. ನಿಮ್ಮಲ್ಲಿ ಅದು 32 ಮೈಕ್ರೋಸ್ಟೆಪ್, 0.1 ಮಿ.ಮೀ. ಅಂದರೆ 0.1, 0.2, 0.3 ಅಂತ ನೆಗೆದು ನೆಗೆದು ಸರಿಯಬೇಕು, ವೇಗ ಬದಲಿಸಿದರೆ ಅದೂ ಬದಲಾಗಬೇಕು. ಮೋಟರನ್ನು ಬಾಲ್ ಸ್ಕ್ರೂಗೆ ಜೋಡಿಸುವ ಕಪ್ಲಿಂಗ್‌ನ ಸ್ಕ್ರೂ ಸಡಿಲವಿದ್ದರೆ ಒಂದೊಂದು ಸಲ ಒಂದೊಂದು ಅಂಕಿ. ಬ್ಯಾಕ್‌ಲಾಶ್ (ದಿಕ್ಕು ತಿರುಗುವಾಗ ಸ್ಕ್ರೂ, ನಟ್ ನಡುವಿನ ಸಡಿಲ) ಸೇರುತ್ತಾ ಹೋಗುವುದಿಲ್ಲ. ಇಲ್ಲಿ ಎರಡು ಆಕ್ಸಿಸ್, ಎರಡು ವೇಗ, ಅಂಕಿ ಮಾತ್ರ ಒಂದೇ. ತಪ್ಪು ಸಿಗ್ನಲ್‌ನಲ್ಲಿದೆ.

ಎರಡೇ ಯಾಕೆ? ಒಂದು ಸ್ಟೆಪ್ ಕಳೆದುಹೋದರೆ ಒಂದು ಕಡಿಮೆ ಆಗುತ್ತದೆ. ಮುಂದೆ ಇಡಬೇಕಾದ ಹೆಜ್ಜೆಯನ್ನು ಹಿಂದೆ ಇಟ್ಟರೆ ಎರಡು ಕಡಿಮೆ ಆಗುತ್ತದೆ. ನಿಮ್ಮ ಡ್ರೈವರ್ ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆಯನ್ನು ಉಲ್ಟಾ ಇಡುತ್ತಿದೆ.

ಈಗ ಮೀಟರ್ ತೆಗೆದುಕೊಳ್ಳಿ. ಯಂತ್ರ ಆನ್ ಇದ್ದು ಸುಮ್ಮನೆ ನಿಂತಿರುವಾಗ, ಎಕ್ಸ್ ಡ್ರೈವರಿನ ಪಲ್+ ಮತ್ತು ಪಲ್- ನಡುವೆ ಎಷ್ಟು ವೋಲ್ಟ್ ಇದೆ?

ಪ್ರಶ್ನೆ ಕೇಳಿದವರು

4.6 ವೋಲ್ಟ್.

ಉತ್ತರ 2

ಸಿಕ್ಕಿತು. ನಿಂತಿರುವಾಗ ಅಲ್ಲಿ ಸೊನ್ನೆಯ ಹತ್ತಿರ ಇರಬೇಕು.

ಡ್ರೈವರಿನ ಒಳಗೆ ಪ್ರತಿ ಸಿಗ್ನಲ್‌ಗೂ ಒಂದು ಆಪ್ಟೋಕಪ್ಲರ್ (ಸಿಗ್ನಲ್ಲನ್ನು ಬೆಳಕಿನ ಮೂಲಕ ದಾಟಿಸುವ ಭಾಗ) ಇರುತ್ತದೆ. ಅದರಲ್ಲಿ ಒಂದು ಪುಟ್ಟ ಎಲ್‌ಇಡಿ. ಆ ಎಲ್‌ಇಡಿ ಹೊತ್ತಿಕೊಳ್ಳುವ ಕ್ಷಣಕ್ಕೆ ಡ್ರೈವರ್ ಹೆಜ್ಜೆ ಇಡುತ್ತದೆ. ಆರುವಾಗ ಅಲ್ಲ. ನೀವು ಪ್ಲಸ್‌ಗಳನ್ನು 5 ವೋಲ್ಟಿಗೆ ಕಟ್ಟಿದ್ದೀರಿ, ಅಂದರೆ ಪಿನ್ 2 ಕೆಳಗೆ ಹೋದಾಗ ಎಲ್‌ಇಡಿ ಹೊತ್ತುತ್ತದೆ. ಸಾಫ್ಟ್‌ವೇರ್ ಮಾತ್ರ ಪಿನ್ ಮೇಲೆ ಹೋದರೆ ಪಲ್ಸ್ ಅಂತ ತಿಳಿದಿದೆ. ಹಾಗಾಗಿ ನಿಂತಿರುವಾಗಲೆಲ್ಲ ಎಲ್‌ಇಡಿ ಉರಿಯುತ್ತಿದೆ, ಪಲ್ಸ್ ಶುರುವಾದಾಗ ಆರುತ್ತದೆ, ಪಲ್ಸ್ ಮುಗಿದಾಗ ಮತ್ತೆ ಹೊತ್ತುತ್ತದೆ. ಹೆಜ್ಜೆ ಬೀಳುವುದು ಆಗ.

ಒಂದೇ ದಿಕ್ಕಿಗೆ ಹೋಗುವಾಗ ಇದರಿಂದ ಏನೂ ಆಗುವುದಿಲ್ಲ, ಅದಕ್ಕೇ ಜಾಗ್ ಸರಿಯಾಗಿ ಕಂಡದ್ದು. ದಿಕ್ಕು ತಿರುಗುವಾಗ ಸಾಫ್ಟ್‌ವೇರ್ ಲೆಕ್ಕದಲ್ಲಿ ಕೊನೆಯ ಹೆಜ್ಜೆ ಆಗಿಹೋಗಿದೆ, ಅದು ಡಿರ್ ಬದಲಿಸುತ್ತದೆ. ತಡವಾಗಿ ಬಿದ್ದ ಹೆಜ್ಜೆ ಹೊಸ ದಿಕ್ಕಿಗೆ ಬೀಳುತ್ತದೆ. ಹೋಗುವಾಗ, ಬರುವಾಗ ಎರಡೂ ಕಡೆ ಹೀಗಾದರೆ ಒಂದಕ್ಕೊಂದು ವಜಾ ಆಗಿ ನಿಮಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ಆಪ್ಟೋ ಹೊತ್ತಿಕೊಳ್ಳುವಷ್ಟು ಬೇಗ ಆರುವುದಿಲ್ಲ. ಡಿರ್ ಹೊತ್ತುವ ಕಡೆ ತಿರುಗಿದಾಗ ಹೆಜ್ಜೆ ಸಿಕ್ಕಿಬೀಳುತ್ತದೆ, ಆರುವ ಕಡೆ ತಿರುಗಿದಾಗ ತಪ್ಪಿಸಿಕೊಳ್ಳುತ್ತದೆ.

ಮ್ಯಾಕ್3ನಲ್ಲಿ ಪೋರ್ಟ್ಸ್ ಅಂಡ್ ಪಿನ್ಸ್ ತೆರೆದು ಮೋಟರ್ ಔಟ್‌ಪುಟ್ಸ್‌ಗೆ ಹೋಗಿ. ಸ್ಟೆಪ್ ಲೋ ಆಕ್ಟಿವ್ ಅನ್ನುವ ಕಾಲಂನಲ್ಲಿ ಮೂರೂ ಆಕ್ಸಿಸ್‌ಗೆ ಟಿಕ್ ಹಾಕಿ. ಮೋಟರ್ ಟ್ಯೂನಿಂಗ್‌ನಲ್ಲಿ ಸ್ಟೆಪ್ ಪಲ್ಸ್, ಡಿರ್ ಪಲ್ಸ್ ಎರಡನ್ನೂ 5 ಮೈಕ್ರೋಸೆಕೆಂಡ್ ಮಾಡಿ. ವೈರ್ ಮುಟ್ಟಬೇಡಿ.

ಉತ್ತರ 3

ಮೈನಸ್‌ಗಳನ್ನೆಲ್ಲ ಗ್ರೌಂಡಿಗೆ ಕಟ್ಟಿ, ಪಿನ್‌ಗಳನ್ನು ಪಲ್+ ಮತ್ತು ಡಿರ್+ಗೆ ಕೊಟ್ಟರೂ ಆಗುತ್ತಲ್ವಾ? ನನ್ನದು ಹಾಗೇ ಇದೆ.

ಉತ್ತರ 2

ಆಗುತ್ತದೆ. ಆದರೆ ಎರಡರಲ್ಲಿ ಒಂದೇ ಮಾಡಬೇಕು. ವೈರೂ ತಿರುಗಿಸಿ ಟಿಕ್ಕೂ ಹಾಕಿದರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ. ನನಗೆ ಪ್ಲಸ್ 5 ವೋಲ್ಟಿಗೆ ಕಟ್ಟುವುದೇ ಇಷ್ಟ. ಕರೆಂಟ್ ಹೊರಗೆ ಕೊಡುವುದಕ್ಕಿಂತ ಒಳಗೆ ಎಳೆದುಕೊಳ್ಳುವುದನ್ನೇ ಚೆನ್ನಾಗಿ ಮಾಡುವ ಚಿಪ್‌ಗಳು ಜಾಸ್ತಿ.

ಉತ್ತರ 4

ಮಧ್ಯೆ ನುಗ್ಗುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನದೂ ಇದೇ ಥರದ ಬೋರ್ಡ್. ಮೋಟರ್ ಗಟ್ಟಿಯಾಗಿ ಹಿಡಿದುಕೊಂಡಿದೆ, ಕೈಯಲ್ಲಿ ತಿರುಗಿಸಲು ಆಗುವುದಿಲ್ಲ. ಆದರೆ ಜಾಗ್ ಒತ್ತಿದರೆ ಅಲುಗಾಡುವುದೇ ಇಲ್ಲ.

ಉತ್ತರ 2

ಹಿಡಿದುಕೊಂಡಿದೆ ಅಂದರೆ ಡ್ರೈವರ್, ಎನೇಬಲ್ ಎರಡೂ ಸರಿ. ಪಲ್ಸ್ ತಲುಪುತ್ತಿಲ್ಲ ಅಷ್ಟೇ. ಬೋರ್ಡಿನ 5 ವೋಲ್ಟ್ ಟರ್ಮಿನಲ್‌ನಲ್ಲಿ ನಿಜವಾಗಿ 5 ವೋಲ್ಟ್ ಇದೆಯಾ ಅಳೆಯಿರಿ. ಪ್ಯಾರಲಲ್ ಪೋರ್ಟ್ ಕೇಬಲ್ ಬೋರ್ಡಿಗೆ ಪವರ್ ಕೊಡುವುದಿಲ್ಲ, ಯುಎಸ್‌ಬಿ ಕೇಬಲ್ ಬೇರೆ ಹಾಕಬೇಕು. ಅದೂ ಸರಿಯಿದ್ದರೆ ಪಿನ್ 3 ಮತ್ತು ಗ್ರೌಂಡ್ ನಡುವೆ ಮೀಟರ್ ಇಟ್ಟು ಎಕ್ಸ್ ಅನ್ನು ಆ ಕಡೆ ಈ ಕಡೆ ಜಾಗ್ ಮಾಡಿ, 0 ಮತ್ತು 5ರ ನಡುವೆ ಬದಲಾಗಬೇಕು. ಪಿನ್ 2ರಲ್ಲಿ ನೋಡಬೇಡಿ, ಪಲ್ಸ್ ಮೀಟರಿನ ಕಣ್ಣಿಗೆ ಬೀಳದಷ್ಟು ಚಿಕ್ಕದು.

ಉತ್ತರ 4

ಯುಎಸ್‌ಬಿ ಕೇಬಲ್ ಹಾಕಿರಲೇ ಇಲ್ಲ. ಅದು ಡೇಟಾಗೆ, ಪ್ಯಾರಲಲ್ ಇದ್ದರೆ ಬೇಡ ಅಂದುಕೊಂಡಿದ್ದೆ. ತಿರುಗಿತು!

ಪ್ರಶ್ನೆ ಕೇಳಿದವರು

ಮೂರೂ ಟಿಕ್ ಹಾಕಿ 200 ಸುತ್ತು ಓಡಿಸಿದೆ. ಮುಳ್ಳು 0.02ರಲ್ಲಿ ನಿಂತಿತು. 400 ಸುತ್ತು ಓಡಿಸಿದರೂ ಅದೇ 0.02, ಅದು ಬ್ಯಾಕ್‌ಲಾಶ್ ಇರಬೇಕು. ನಿಂತಿರುವಾಗ ಪಲ್+ ಪಲ್- ನಡುವೆ ಈಗ 0.1 ವೋಲ್ಟ್. ಅದೇ ಪಾಕೆಟ್ ಮತ್ತೆ ಕೊರೆದೆ, ಗೋಡೆ ನೇರ ಬಂದಿದೆ. ಕರೆಂಟ್ 2.84ಕ್ಕೇ ಇಳಿಸಿದ್ದೇನೆ. ಡ್ರೈವರ್ ಹೊಸದು ತರಲು ಹೊರಟಿದ್ದೆ ಸರ್, ತಡೆದಿರಿ.